ಮಣ್ಣು ಆರೋಗ್ಯ ಚೀಟಿಯಲ್ಲಿ ಇಲ್ಲದ ಕಾಲಂ: ಕೃಷಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ, ಕೃಷಿ ಇಲಾಖೆಯ ಆಯುಕ್ತರಿಗೆ ಹಾಗೂ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧ್ಯಕ್ಷರಿಗೆ ಗೌರವಪೂರ್ವಕ ನಮಸ್ಕಾರಗಳು.

ನಾನು ದಕ್ಷಿಣ ಕರ್ನಾಟಕದ ಒಂದು ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ರೈತರು ತರುತ್ತಿದ್ದ ಮಣ್ಣನ್ನು ನೆರಳಿನಲ್ಲಿ ಒಣಗಿಸುವುದು, ಮರದ ಸುತ್ತಿಗೆಯಿಂದ ಕುಟ್ಟುವುದು, ಎರಡು ಮಿಲಿಮೀಟರ್ ಜರಡಿಯಲ್ಲಿ ಸೋಸುವುದು, ಹತ್ತು ಗ್ರಾಂ ತೂಗಿ ದ್ರಾವಣ ಹಾಕಿ ಎರಡು ಗಂಟೆ ಅಲುಗಾಡಿಸುವುದು, ಸೋಸುಕಾಗದದಿಂದ ಇಳಿದ ತಿಳಿಯನ್ನು ಯಂತ್ರಕ್ಕೆ ಕೊಡುವುದು, ಇಷ್ಟೇ ನನ್ನ ಕೆಲಸವಾಗಿತ್ತು. ಸಾವಿರಾರು ಹೊಲಗಳ ಮಣ್ಣು ನನ್ನ ಕೈಮೇಲೆ ಹಾದುಹೋಗಿದೆ. ಅವುಗಳಲ್ಲಿ ಒಂದು ಚೀಲದ ಮಣ್ಣಿಗೆ ನಾನು ಕೊಡಲಾಗದ ಉತ್ತರವೇ ಈ ಪತ್ರಕ್ಕೆ ಕಾರಣ.

ಬೆಂಗಳೂರಿನ ಕೊಳಚೆ ನೀರು ಬಂದು ಸೇರುವ, ಬಿಡದಿ ಬಳಿಯ ಬೈರಮಂಗಲ ಕೆರೆಯ ಅಚ್ಚುಕಟ್ಟಿನಿಂದ ವಯಸ್ಸಾದ ರೈತರೊಬ್ಬರು ಬಂದಿದ್ದರು. ನಿಯಮದಂತೆ ಆರು ಇಂಚು ಆಳದ ಗುಂಡಿ ತೋಡಿ, ಅಂಕುಡೊಂಕಾಗಿ ಹತ್ತು ಕಡೆಯಿಂದ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ತಂದಿದ್ದರು. ಅರ್ಜಿಯಲ್ಲಿ ಬೆಳೆಯ ಹೆಸರು ಬರೆಯಿರಿ ಎಂದಾಗ ಅವರು ಬರೆಯಲಿಲ್ಲ. "ಅಮ್ಮಾ, ಗೊಬ್ಬರ ಎಷ್ಟು ಹಾಕ್ಬೇಕು ಅಂತ ನಂಗೆ ಗೊತ್ತು. ಇದ್ರಾಗೆ ವಿಸ ಐತಾ ಇಲ್ವಾ, ಅದನ್ನ ಹೇಳಿ" ಎಂದರು. ವಾರದ ನಂತರ ನಾನು ಅವರಿಗೆ ಒಂದು ಚೀಟಿ ಕೊಟ್ಟೆ. ಸಾವಯವ ಇಂಗಾಲ ಅಧಿಕ, ರಂಜಕ ಅಧಿಕ, ಸತು ಸಾಕಷ್ಟಿದೆ, ತಾಮ್ರ ಸಾಕಷ್ಟಿದೆ ಎಂದು ಅದರಲ್ಲಿತ್ತು. ನೋಡಿದವರು ಇದು ಚಿನ್ನದಂಥ ಮಣ್ಣು ಎನ್ನಬೇಕು, ಅಂಥ ಚೀಟಿ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಾವು ಕೇಳಿದ್ದಕ್ಕೆ ಉತ್ತರ ಎಲ್ಲಿದೆ ಎಂದು ಕೇಳಿದರು. ಆ ಉತ್ತರಕ್ಕೆ ಚೀಟಿಯಲ್ಲಿ ಜಾಗವೇ ಇರಲಿಲ್ಲ.

ಮಣ್ಣು ಆರೋಗ್ಯ ಚೀಟಿಯ ಯೋಜನೆ 2015ರ ಫೆಬ್ರವರಿಯಲ್ಲಿ ದೇಶದಾದ್ಯಂತ ಆರಂಭವಾಯಿತು. ಅದರಲ್ಲಿ ಹನ್ನೆರಡು ಅಂಶಗಳಿವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಯೋಜನೆಯನ್ನು ನಾನು ಹಳಿಯುವುದಿಲ್ಲ. ಸತುವಿನ ಕೊರತೆಯನ್ನು ಕಣ್ಣಿಗೆ ಕಾಣುವಂತೆ ಮಾಡಿ ಎಷ್ಟೋ ಭತ್ತದ ಗದ್ದೆಗಳನ್ನು ಉಳಿಸಿದ್ದು ಇದೇ ಪರೀಕ್ಷೆ. ಆದರೆ ಈ ಚೀಟಿಯನ್ನು ರೂಪಿಸಿದ್ದು ಮಣ್ಣಿನಲ್ಲಿ ಏನು ಕಡಿಮೆಯಿದೆ ಎಂದು ತಿಳಿಯಲು. ಏನು ಹೆಚ್ಚಾಗಿದೆ ಎಂದು ಅದು ಕೇಳುವುದೇ ಇಲ್ಲ. ಕಿಲೋ ಮಣ್ಣಿಗೆ 0.2 ಮಿಲಿಗ್ರಾಂ ಲಭ್ಯ ತಾಮ್ರ ಇದ್ದರೆ ಸಾಕು, ಚೀಟಿಯಲ್ಲಿ 'ಸಾಕಷ್ಟಿದೆ' ಎಂದು ಮುದ್ರಣವಾಗುತ್ತದೆ. ಅದರ ನೂರು ಪಟ್ಟು ಇದ್ದರೂ ಅದೇ ಪದ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್, ಆರ್ಸೆನಿಕ್, ಪಾದರಸದಂಥ ವಿಷಕಾರಿ ವಸ್ತುಗಳ ಹೆಸರೂ ಅಲ್ಲಿಲ್ಲ.

ಈ ಕೊರತೆಗೆ ಕಾರಣ ಯಂತ್ರವಿಲ್ಲದಿರುವುದಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಸತು, ತಾಮ್ರಗಳನ್ನು ಅಳೆಯಲು ನಮ್ಮ ಪ್ರಯೋಗಾಲಯದಲ್ಲಿದ್ದದ್ದು ಅಟಾಮಿಕ್ ಅಬ್ಸಾರ್ಪ್ಷನ್ ಯಂತ್ರ. ಮಣ್ಣಿನ ತಿಳಿಯನ್ನು ಅದು ನೀಲಿ ಜ್ವಾಲೆಯೊಳಕ್ಕೆ ಎಳೆದುಕೊಳ್ಳುತ್ತದೆ. ಒಂದೊಂದು ಲೋಹಕ್ಕೂ ಒಂದೊಂದು ಪುಟ್ಟ ದೀಪ ಇರುತ್ತದೆ. ಸತು ನೋಡಬೇಕಾದರೆ ಸತುವಿನ ದೀಪ, ತಾಮ್ರಕ್ಕೆ ತಾಮ್ರದ ದೀಪ. ಸೀಸದ ದೀಪವನ್ನೂ ಕ್ಯಾಡ್ಮಿಯಂ ದೀಪವನ್ನೂ ಕೊಂಡು ಅದೇ ಗೂಡಿಗೆ ಸಿಕ್ಕಿಸಿದರೆ, ಅದೇ ಯಂತ್ರ, ಅದೇ ಜ್ವಾಲೆ, ಅದೇ ದ್ರಾವಣದಿಂದ ಇಳಿಸಿದ ಅದೇ ತಿಳಿ, ಗಿಡಕ್ಕೆ ಲಭ್ಯವಿರುವ ಸೀಸ ಮತ್ತು ಕ್ಯಾಡ್ಮಿಯಂ ಎಷ್ಟೆಂದು ಹೇಳಬಲ್ಲದು. ಒಟ್ಟು ಪ್ರಮಾಣ ಬೇಕಿದ್ದರೆ ಮಣ್ಣನ್ನು ಆಮ್ಲದಲ್ಲಿ ಕರಗಿಸಬೇಕು, ಆರ್ಸೆನಿಕ್ ಮತ್ತು ಪಾದರಸಕ್ಕೆ ಬೇರೆ ಜೋಡಣೆಗಳು ಬೇಕು, ಅದು ನಿಜ. ಅಂಥ ಮಾದರಿಗಳನ್ನು ಕೃಷಿ ವಿಶ್ವವಿದ್ಯಾಲಯಕ್ಕೆ ಕಳಿಸಬಹುದು. ಮೊದಲ ಎಚ್ಚರಿಕೆಯ ಗಂಟೆ ಬಾರಿಸಲು ಮಾತ್ರ ಎರಡು ದೀಪ ಸಾಕು.

ನೀರನ್ನು ಪರೀಕ್ಷಿಸುತ್ತೇವಲ್ಲ, ಮಣ್ಣನ್ನು ಬೇರೆಯಾಗಿ ಏಕೆ ನೋಡಬೇಕು ಎಂದು ತಾವು ಕೇಳಬಹುದು. ಪ್ರಯೋಗಾಲಯದ ಮೇಲಧಿಕಾರಿಗಳೊಬ್ಬರು ನನ್ನನ್ನು ಹೀಗೆಯೇ ಕೇಳಿದ್ದರು. ಇದಕ್ಕೆ ಒಂದು ಸರಳ ಲೆಕ್ಕವಿದೆ. ಕುಡಿಯುವ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.003 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಆ ಮಿತಿಯೊಳಗೇ ಇರುವ, ಅಂದರೆ ಕುಡಿಯಲು ಯೋಗ್ಯವೆಂದು ಪ್ರಮಾಣಪತ್ರ ಪಡೆಯಬಹುದಾದ ನೀರನ್ನು ಒಂದು ಹೆಕ್ಟೇರಿಗೆ ವರ್ಷದಲ್ಲಿ ಒಟ್ಟು ಒಂದು ಮೀಟರ್ ಎತ್ತರದಷ್ಟು ಹಾಯಿಸಿದೆವು ಎಂದುಕೊಳ್ಳೋಣ. ಅದು ಒಂದು ಕೋಟಿ ಲೀಟರ್ ನೀರು, ಅದರ ಜೊತೆ ಬಂದ ಕ್ಯಾಡ್ಮಿಯಂ 30 ಗ್ರಾಂ. ನಲವತ್ತು ವರ್ಷದಲ್ಲಿ 1,200 ಗ್ರಾಂ. ಹೆಕ್ಟೇರಿನ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 20 ಲಕ್ಷ ಕಿಲೋ ತೂಗುತ್ತದೆ. ಬಂದ ಲೋಹವೆಲ್ಲ ಅಲ್ಲಿಯೇ ನಿಂತರೆ ಕಿಲೋ ಮಣ್ಣಿಗೆ 0.6 ಮಿಲಿಗ್ರಾಂ ಸೇರಿದಂತಾಯಿತು. ಮಾಲಿನ್ಯ ಕಾಣದ ಮಣ್ಣಿನಲ್ಲಿ ಸಹಜವಾಗಿ ಇರುವ ಕ್ಯಾಡ್ಮಿಯಂ ಸಾಮಾನ್ಯವಾಗಿ ಅರ್ಧ ಮಿಲಿಗ್ರಾಂಗಿಂತ ಕಡಿಮೆ. ನೀರು ಹರಿದು ಹೋಗುತ್ತದೆ, ಆವಿಯಾಗುತ್ತದೆ, ಮರುದಿನ ಬೇರೆ ನೀರು ಬರುತ್ತದೆ. ಮಣ್ಣು ಮಾತ್ರ ಬಂದದ್ದನ್ನು ಜೇಡಿಯಲ್ಲಿ, ಸಾವಯವ ಅಂಶದಲ್ಲಿ, ಕಬ್ಬಿಣದ ಆಕ್ಸೈಡಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸಗಣಿ ಕೊಳೆತು ಗೊಬ್ಬರವಾಗುತ್ತದೆ, ಕೀಟನಾಶಕಗಳೂ ಬಹಳಷ್ಟು ಕಾಲಕ್ರಮದಲ್ಲಿ ಒಡೆಯುತ್ತವೆ. ಸೀಸ ಎಷ್ಟು ವರ್ಷ ಕಳೆದರೂ ಸೀಸವೇ.

ಬೈರಮಂಗಲದ ಕೆರೆಗೆ ಬರುವ ವೃಷಭಾವತಿಯ ನೀರು ಕುಡಿಯುವ ನೀರಿನ ಹತ್ತಿರಕ್ಕೂ ಬರುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವನ ಪಾದದ ಬಳಿ ಹುಟ್ಟಿತೆಂದು ಹಿರಿಯರು ಹೇಳುವ ಈ ಹೊಳೆ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ, ಮೈಸೂರು ರಸ್ತೆಯ ಉದ್ದಕ್ಕೂ, ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಇಳಿದು, ಅಲ್ಲಿಂದ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. ನಗರದ ಪಶ್ಚಿಮ ಭಾಗದ ಮನೆಗಳ ಕೊಳಚೆಯ ಜೊತೆ ಕೈಗಾರಿಕಾ ಪ್ರದೇಶಗಳ ತ್ಯಾಜ್ಯವೂ ಅದರಲ್ಲಿ ಬೆರೆಯುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಆ ಲೋಹದ ಹೆಚ್ಚು ವಿಷಕಾರಿ ರೂಪ, ಇರುವುದು ದಾಖಲಾಗಿರುವ ಸಂಗತಿ. ಹಿಡಿಕೆ, ನಲ್ಲಿ, ಬೋಲ್ಟುಗಳಿಗೆ ಹೊಳಪು ಕೊಡುವ ಎಲೆಕ್ಟ್ರೋಪ್ಲೇಟಿಂಗ್ ತೊಟ್ಟಿಗಳಿಂದ ಕ್ರೋಮಿಯಂ, ನಿಕ್ಕಲ್, ಸತು ಬರುತ್ತವೆ. ಬ್ಯಾಟರಿ ಒಡೆದು ಕರಗಿಸುವ ಗುಜರಿಗಳಿಂದ ಸೀಸ ಬರುತ್ತದೆ. ಮನೆಗಳ ಒಳಚರಂಡಿ ನೀರನ್ನು ಶುದ್ಧೀಕರಿಸುವ ಘಟಕಗಳನ್ನು ಕಟ್ಟಿರುವುದು ಮಲ, ಸೋಪು, ಅಡುಗೆ ಎಣ್ಣೆಗಳಂಥ ಕೊಳೆಯುವ ವಸ್ತುಗಳಿಗಾಗಿ. ಆ ಘಟಕಗಳಲ್ಲಿ ಲೋಹ ನಾಶವಾಗುವುದಿಲ್ಲ, ಬಹುಪಾಲು ಕೆಸರಿಗೆ ಇಳಿಯುತ್ತದೆ. ಕೆಸರು ಒಣಗಿದ ಮೇಲೆ ಕಪ್ಪಗೆ, ಪುಡಿಪುಡಿಯಾಗಿ, ಒಳ್ಳೆಯ ಗೊಬ್ಬರದಂತೆ ಕಾಣುತ್ತದೆ, ಟ್ರ್ಯಾಕ್ಟರ್ ಏರಿ ಹೊಲಕ್ಕೆ ಬರುತ್ತದೆ. ನಗರದ ಕಸದಿಂದ ಮಾಡಿದ ಕಾಂಪೋಸ್ಟಿಗೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಮಿತಿಗಳಿವೆ: ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5, ಕ್ರೋಮಿಯಂ 50. ಚೀಲ ಕಟ್ಟಿ ಮಾರುವ ಕಾಂಪೋಸ್ಟಿಗೆ ಇರುವ ಈ ಕಾವಲು, ಟ್ರ್ಯಾಕ್ಟರಿನಲ್ಲಿ ಬಿಡಿಯಾಗಿ ಬರುವ ಕೆಸರಿಗೂ ಇರಬೇಕಲ್ಲವೇ?

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಗಿ ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಹೆಚ್ಚುವರಿಯಾಗಿ ಸಿಗುವಂತಾಯಿತು. ನಗರದ ಜನರಿಗೆ ಅದು ಬೇಕಾದದ್ದೇ. ಆದರೆ ಮನೆಗೆ ಬಂದ ನೀರಿನ ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಬೀಳುತ್ತದೆಂಬುದು ಎಂಜಿನಿಯರುಗಳೇ ಹಾಕುವ ಲೆಕ್ಕ. ಅಷ್ಟು ನೀರು ಕಣಿವೆಗಳಲ್ಲಿ ಇಳಿದು ಕೆಳಗಿನ ರೈತರ ನಾಲೆಗೆ ಬರುತ್ತದೆ. 2018ರಿಂದ ಕೋಲಾರದ ಕೆರೆಗಳಿಗೆ ಸಂಸ್ಕರಿಸಿದ ಕೊಳಚೆ ನೀರು ಹರಿಯುತ್ತಿದೆ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡ ಆ ಭಾಗದ ರೈತರ ಸಂತೋಷವನ್ನು ನಾನು ಲಘುವಾಗಿ ಕಾಣುವುದಿಲ್ಲ. ನೀರು ಕೊಟ್ಟ ಕೈಯೇ ಆ ಕೆರೆಯಂಗಳದ, ಆ ಹೊಲಗಳ ಮಣ್ಣನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಲಿ ಎಂಬುದಷ್ಟೇ ನನ್ನ ಮಾತು.

ಇಲ್ಲಿ ಕೆರೆಯ ಗೋಡಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಗೋಡು ಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು ನಮ್ಮ ಬಯಲುಸೀಮೆಯ ಹಳೆಯ ಜಾಣತನ. ನನ್ನ ತಂದೆ ಯುಗಾದಿ ಕಳೆದ ಕೂಡಲೇ ಮೊದಲು ಮಾಡುತ್ತಿದ್ದ ಕೆಲಸವೇ ಅದು. ಕೆರೆ ಹೂಳೂ ತೆಗೆದಂತಾಗುತ್ತಿತ್ತು, ಹೊಲವೂ ಹದವಾಗುತ್ತಿತ್ತು. ಹಳ್ಳಿಯ ಕೆರೆಗೆ ಬರುತ್ತಿದ್ದದ್ದು ಮೇಲಿನ ಹೊಲಗಳ ಮೆಕ್ಕಲು ಮಣ್ಣು, ದನದ ಸಗಣಿ, ಮರದ ಎಲೆ. ಕೊಳಚೆ ಹೊತ್ತ ರಾಜಕಾಲುವೆ ಸೇರುವ ನಗರದ ಕೆರೆಯ ತಳದಲ್ಲಿ ಕೂರುವುದೇ ಬೇರೆ. ನೀರಿನಲ್ಲಿದ್ದ ಲೋಹಗಳು ಹೂಳಿಗೆ ಅಂಟಿಕೊಂಡು ತಳ ಸೇರುವುದರಿಂದ, ಮೇಲಿನ ನೀರಿಗಿಂತ ಹಲವು ಪಟ್ಟು ಲೋಹ ಆ ಹೂಳಿನಲ್ಲಿರುತ್ತದೆ. ಅದೂ ಗೋಡೇ, ಅದೂ ಕಪ್ಪೇ, ಅದನ್ನೂ ರೈತ ಹಳೆಯ ನಂಬಿಕೆಯ ಮೇಲೆ ಹೊಲಕ್ಕೆ ಹೊಡೆಯುತ್ತಾನೆ. ಪರೀಕ್ಷೆಯಾಗದ ನಗರ ಕೆರೆಯ ಹೂಳು ಹೊಲ ಸೇರಬಾರದೆಂದು ತಮ್ಮ ಇಲಾಖೆಗಳು ಒಂದು ಸುತ್ತೋಲೆ ಹೊರಡಿಸಿದರೆ, ಅದಕ್ಕೆ ಹಣವೂ ಬೇಕಾಗಿಲ್ಲ.

ಮೂಲಗಳೆಲ್ಲವೂ ನಗರದ ಕಡೆಯಿಂದಲೇ ಬರುತ್ತವೆ ಎಂದು ಹೇಳಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಮಲೆನಾಡಿನ ಅಡಿಕೆ ತೋಟದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿಗೆ ನೂರು ವರ್ಷ ಮೀರಿದೆ. 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಧ್ಯಯನ ಮಾಡಿ ಈ ಔಷಧಿಯನ್ನು ಬಳಕೆಗೆ ತಂದರು. ಅದಕ್ಕೆ ಮೊದಲು ಅಡಿಕೆಯ ಒಂದೊಂದು ಗೊನೆಗೂ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಆ ದ್ರಾವಣ ಬರದಿದ್ದರೆ ಎಷ್ಟೋ ಅಡಿಕೆ ಸಂಸಾರಗಳು ಮಳೆಗಾಲ ದಾಟುತ್ತಿರಲಿಲ್ಲ. ಶೇಕಡ 1ರ ದ್ರಾವಣವೆಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ಕಾಲು ಭಾಗ ತಾಮ್ರವೇ. ಹೀಗಾಗಿ 200 ಲೀಟರಿನ ಒಂದು ಡ್ರಮ್ಮು ಖಾಲಿಯಾದಾಗ ಅರ್ಧ ಕಿಲೋ ತಾಮ್ರ ತೋಟಕ್ಕೆ ಇಳಿದಿರುತ್ತದೆ. ಮಳೆಗಾಲಕ್ಕೆ ಎರಡು, ಮೂರು ಸಲ, ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. ಈ ದ್ರಾವಣ ಹುಟ್ಟಿದ ಫ್ರಾನ್ಸನ್ನು ಒಳಗೊಂಡ ಯುರೋಪಿಯನ್ ಒಕ್ಕೂಟ 2019ರಿಂದ ಏಳು ವರ್ಷಗಳಿಗೆ ಹೆಕ್ಟೇರಿಗೆ ಒಟ್ಟು 28 ಕಿಲೋ ತಾಮ್ರವನ್ನು ಮಿತಿಯಾಗಿ ಇಟ್ಟಿತು, ಏಕೆಂದರೆ ಹೆಚ್ಚಾದ ತಾಮ್ರ ಎರೆಹುಳುವಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ವಿಷ. ನಮ್ಮ ಮಲೆನಾಡಿನ ಮಣ್ಣು ಹುಳಿ ಮಣ್ಣು, ಹುಳಿ ಹೆಚ್ಚಿದಷ್ಟೂ ಲೋಹ ಸಡಿಲವಾಗಿ ಬೇರಿಗೆ ಸಿಗುತ್ತದೆ. ಬೋರ್ಡೋ ಹೊಡೆಯಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ. ನಿಮ್ಮ ತೋಟದಲ್ಲಿ ತಾಮ್ರ ಈಗಾಗಲೇ ಇಷ್ಟು ಸೇರಿದೆ ಎಂದು ಬೆಳೆಗಾರರಿಗೆ ಹೇಳುವ ಚೀಟಿಯಾದರೂ ಬೇಡವೇ? ಅಳೆದ ಅಂಕಿ ಪ್ರಯೋಗಾಲಯದಲ್ಲಿಯೇ ಇದೆ, ಮೇಲಿನ ಮಿತಿಯೊಂದನ್ನು ಹಾಕಿದರೆ 'ಸಾಕಷ್ಟಿದೆ' ಎಂಬಲ್ಲಿ 'ಅತಿಯಾಗಿದೆ' ಎಂದು ಮುದ್ರಣವಾಗುತ್ತದೆ.

ರಂಜಕದ ಗೊಬ್ಬರಗಳ ಮಾತೂ ಹೀಗೆಯೇ. ಅವುಗಳನ್ನು ತಯಾರಿಸುವ ಶಿಲಾರಂಜಕ ಎಂಬ ಕಲ್ಲಿನಲ್ಲಿ ಸ್ವಲ್ಪ ಕ್ಯಾಡ್ಮಿಯಂ ಸಹಜವಾಗಿಯೇ ಇರುತ್ತದೆ, ಗಣಿಯಿಂದ ಗಣಿಗೆ ಅದರ ಪ್ರಮಾಣ ಬೇರೆ. ಎಲ್ಲಿಂದ ತರಿಸಿಕೊಳ್ಳುತ್ತೇವೆ ಎಂಬುದನ್ನು ನೋಡಿ ಆಮದು ಮಾಡಿದರೆ ಒಂದು ಮೂಲ ಬಾಗಿಲಲ್ಲೇ ನಿಲ್ಲುತ್ತದೆ.

ಗಣಿಗಳ ವಿಷಯ ಬೇರೆಯೇ ಪತ್ರ ಬೇಡುತ್ತದೆ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು, ಜನ ಸಯನೈಡ್ ದಿಬ್ಬಗಳೆಂದು ಕರೆಯುವ ಸುಮಾರು 3.3 ಕೋಟಿ ಟನ್ ಪುಡಿ, ಚಿನ್ನ ತೆಗೆದ ಮೇಲೆ ಉಳಿದ ಅದಿರಿನದು, ಊರಿನ ನಡುವೆ ಉಳಿಯಿತು. ಬೇಸಿಗೆಯ ಗಾಳಿಗೆ ಅದರ ಧೂಳು ಮನೆಯಂಗಳಕ್ಕೂ ಹೊಲಕ್ಕೂ ಹಾರುತ್ತದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಮಂಗಳೂರು (ಕರಾವಳಿಯದಲ್ಲ, ಆ ಭಾಗದ್ದೇ) ಚಿನ್ನದ ಗಣಿಯ ಸಮೀಪ, ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇದ್ದು ಜನರ ಚರ್ಮದ ಮೇಲೆ ಅದರ ಗುರುತುಗಳು ಎದ್ದದ್ದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ತಾಂಡಾದ ಜನ ಗಣಿಯ ಚಿನ್ನದಲ್ಲಿ ಪಾಲು ಪಡೆದವರಲ್ಲ.

ಮಣ್ಣನ್ನು ನೋಡದೆ ಕೂತರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ತೊಯಾಮಾ ಪ್ರಾಂತ್ಯ ಸಾಕ್ಷಿ. ಅಲ್ಲಿನ ಜಿಂಜು ನದಿಯ ಮೇಲ್ಭಾಗದ ಸತುವಿನ ಗಣಿಯಿಂದ ಕ್ಯಾಡ್ಮಿಯಂ ನೀರಿಗೆ, ನೀರಿನಿಂದ ಭತ್ತದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂತು. ಮುಖ್ಯವಾಗಿ ವಯಸ್ಸಾದ ಹೆಂಗಸರ ಮೂತ್ರಪಿಂಡ ಕೆಟ್ಟು, ಮೂಳೆ ಮೆತ್ತಗಾಗಿ, ಕೆಮ್ಮಿದರೆ ಮುರಿಯುವಂತಾಯಿತು. ಅವರ ನರಳಾಟವೇ ಕಾಯಿಲೆಗೆ ಹೆಸರಾಯಿತು: ಇತಾಯಿ-ಇತಾಯಿ, ನಮ್ಮ ಮಾತಿನಲ್ಲಿ 'ಅಯ್ಯೋ ನೋವು, ಅಯ್ಯೋ ನೋವು'. 1968ರಲ್ಲಿ ಸರ್ಕಾರ ಕಾರಣವನ್ನು ಒಪ್ಪಿಕೊಂಡಿತು, 1970ರಲ್ಲಿ ಕೃಷಿ ಭೂಮಿಯ ಮಣ್ಣಿಗಾಗಿಯೇ ಕಾನೂನು ಬಂತು. ಕೆಟ್ಟ ಗದ್ದೆಗಳ ಮಣ್ಣನ್ನು ಹೂತು, ಮೇಲೆ ಶುದ್ಧ ಮಣ್ಣು ಹೊದಿಸಿ ಮತ್ತೆ ಸಾಗುವಳಿಗೆ ತರುವ ಕೆಲಸ ಮೂರು ದಶಕಕ್ಕೂ ಹೆಚ್ಚು ಕಾಲ ನಡೆದು 2012ರಲ್ಲಿ ಮುಗಿಯಿತು. ಜಪಾನಿನಷ್ಟು ಸಿರಿವಂತ ದೇಶಕ್ಕೆ ಒಂದು ನದಿ ಬಯಲಿಗೆ ಹಿಡಿದ ಕಾಲ ಇದು.

ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆ ನಿಯಮಗಳನ್ನು ಹೊರಡಿಸಿದೆ. ಶಂಕಿತ ತಾಣಗಳ ವರದಿಯನ್ನು ಜಿಲ್ಲಾಡಳಿತ ವರ್ಷಕ್ಕೆ ಎರಡು ಬಾರಿ ಕೊಡಬೇಕು. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅದರ ಕಣ್ಣು ಮುಖ್ಯವಾಗಿ ತ್ಯಾಜ್ಯ ಸುರಿದ ಗುಂಡಿ, ರಾಸಾಯನಿಕ ಚೆಲ್ಲಿದ ಜಾಗಗಳ ಮೇಲಿದೆ, ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಅದು ಹೊರಗಿಟ್ಟಿದೆ. ನಾಲೆಯ ನೀರಿನ ಜೊತೆ ನಲವತ್ತು ವರ್ಷ ತೆಳುವಾಗಿ ಹರಡಿಕೊಂಡ ಲೋಹ ಯಾವ ಗುಂಡಿಯಲ್ಲಿಯೂ ಕಾಣುವುದಿಲ್ಲ. ಬೈರಮಂಗಲದ ಅಚ್ಚುಕಟ್ಟನ್ನು ಶಂಕಿತ ತಾಣವೆಂದು ಜಿಲ್ಲಾಡಳಿತ ತಾನಾಗಿ ಬರೆದು ಕಳಿಸಿದರೆ ಮಾತ್ರ ಅದು ಪಟ್ಟಿ ಸೇರೀತು. ಮಂಡಳಿಯ ಅಧ್ಯಕ್ಷರು ಈ ಬಗ್ಗೆ ಜಿಲ್ಲೆಗೆ ಸೂಚನೆ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಪರೀಕ್ಷೆ ಎಂದ ಕೂಡಲೇ ರೈತರಿಗೆ ಭಯವಾಗುತ್ತದೆ ಎಂಬುದನ್ನೂ ನಾನು ಬಲ್ಲೆ. ವೃಷಭಾವತಿ ಬಯಲಿನಲ್ಲಿ ಭತ್ತ ಹಿಂದೆ ಸರಿದು ಬೇಬಿ ಕಾರ್ನ್, ಹಿಪ್ಪುನೇರಳೆ, ಸೀಮೆಹುಲ್ಲು ಬಂದಿವೆ. ಹುಲ್ಲು ತಿಂದ ಹಸುವಿನ ಹಾಲು ಡೇರಿಗೆ ಹೋಗಬೇಕು. ಮಣ್ಣಿನಲ್ಲಿ ವಿಷವಿದೆ ಎಂದು ಪತ್ರಿಕೆಯಲ್ಲಿ ಒಂದು ಸಾಲು ಬಂದರೆ ಹಾಲು, ಸೊಪ್ಪು ಎಲ್ಲವೂ ಬೀದಿಗೆ ಬೀಳುತ್ತವೆ, ನಷ್ಟ ಹೊಳೆಯನ್ನು ಕೆಡಿಸಿದವರಿಗಲ್ಲ, ಕೆಟ್ಟ ನೀರನ್ನೇ ಹಾಯಿಸಬೇಕಾಗಿ ಬಂದವರಿಗೆ. ಆದ್ದರಿಂದ ಪರೀಕ್ಷೆಯ ಜೊತೆಗೇ ನೆರವು ಬರಬೇಕು. ಕ್ಯಾಡ್ಮಿಯಂ ಹೆಚ್ಚಿರುವ ಹೊಲದಲ್ಲಿ ಪಾಲಕ್, ದಂಟಿನಂಥ ಸೊಪ್ಪು ಬೆಳೆಯದೆ ಹೂವು, ಮರಮಟ್ಟುಗಳಿಗೆ ಬದಲಾಯಿಸಲು ಸಹಾಯಧನ ಕೊಡಿ. ಹುಳಿ ಮಣ್ಣಿಗೆ ಸುಣ್ಣ, ಎಲ್ಲ ಮಣ್ಣಿಗೂ ಶುದ್ಧ ಕೊಟ್ಟಿಗೆ ಗೊಬ್ಬರ ಹಾಕಿದರೆ ಲೋಹ ತಕ್ಕಮಟ್ಟಿಗೆ ಬಿಗಿಯಾಗಿ ಬೇರಿಗೆ ದಕ್ಕುವುದು ಕಡಿಮೆಯಾಗುತ್ತದೆ, ಅದರ ಖರ್ಚನ್ನು ಇಲಾಖೆ ಹೊರಲಿ. ಮೇಲುಗಡೆಯ ಸಣ್ಣ ಪ್ಲೇಟಿಂಗ್ ಘಟಕಗಳ ಮಾಲೀಕರೂ ದೊಡ್ಡ ಶ್ರೀಮಂತರಲ್ಲ, ಒಬ್ಬೊಬ್ಬರಾಗಿ ಶುದ್ಧೀಕರಣ ಘಟಕ ಕಟ್ಟುವ ಶಕ್ತಿ ಅವರಿಗಿಲ್ಲ. ಸಾಮೂಹಿಕ ಘಟಕವನ್ನು ಸರ್ಕಾರ ಕಟ್ಟಿಕೊಟ್ಟು, ಅದರ ನಂತರವೂ ಚರಂಡಿಗೆ ಬಿಡುವವರ ಮೇಲೆ ಕ್ರಮ ಕೈಗೊಳ್ಳುವುದು ನ್ಯಾಯ.

ನನ್ನ ಬೇಡಿಕೆ ಚಿಕ್ಕದು. ರಾಜ್ಯದ ಮಣ್ಣು ಪರೀಕ್ಷಾ ಪ್ರಯೋಗಾಲಯಗಳಿಗೆ ಸೀಸ ಮತ್ತು ಕ್ಯಾಡ್ಮಿಯಂ ದೀಪಗಳನ್ನು ಕೊಡಿಸಿ, ಕೊಳಚೆ ನೀರು ಹರಿಯುವ ಅಚ್ಚುಕಟ್ಟುಗಳಿಂದ ಆರಂಭಿಸಿ ಚೀಟಿಯಲ್ಲಿ ಆ ಕಾಲಂಗಳನ್ನು ಸೇರಿಸಿ. ತಾಮ್ರಕ್ಕೂ ಸತುವಿಗೂ ಮೇಲಿನ ಮಿತಿ ನಮೂದಿಸಿ.

ಆ ರೈತರು ತಂದಿದ್ದ ಅರ್ಧ ಕಿಲೋದಲ್ಲಿ ಪರೀಕ್ಷೆಗೆ ಬಳಸಿ ಉಳಿದ ಮಣ್ಣನ್ನು ನಾನು ಎಸೆಯಲಿಲ್ಲ. ಪ್ರಯೋಗಾಲಯದ ಸಂಖ್ಯೆ, ದಿನಾಂಕ, ಸರ್ವೆ ನಂಬರ್ ಬರೆದ ಚೀಟಿಯ ಸಮೇತ ಅದು ನನ್ನ ಮನೆಯ ಕಪಾಟಿನಲ್ಲಿ ಒಂದು ಗಾಜಿನ ಬಾಟಲಿಯಲ್ಲಿದೆ. ತಮ್ಮ ಇಲಾಖೆಯ ಯಾವ ಪ್ರಯೋಗಾಲಯ ಮೊದಲು ಆ ದೀಪವನ್ನು ತರಿಸುತ್ತದೆಯೋ ಅಲ್ಲಿಗೆ ನಾನೇ ತಂದು ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮಣ್ಣು ಪರೀಕ್ಷಾ ಸಹಾಯಕಿ